ಹೊಸಬರ ದಾರಿ

ಮರಳಿನ ಹುಳುಗಳು ನಿಂತವರನ್ನು ಮಾತ್ರ ಕಡಿಯುತ್ತವೆ. ಹೊಸಬರ ದಾರಿಯಲ್ಲಿ ಇರುವುದು ಬರೀ ಮರಿಗಳು. ಕಾಲು ಊರಿದರೆ ಒಂದೆರಡು ಬೆರಳು ಹೋಗುತ್ತವೆ, ಮೈಯೇ ಊರಿದರೆ ಮಾತ್ರ ಕಷ್ಟ.

ಮರಳುಗಾಡಿನ ಆಚೆಯ ಶಾಲೆಗೆ ವರ್ಗವಾಗಿದ್ದ ವಿಮಲಾಕ್ಷಿ ಟೀಚರ್ ಮೌಂಟನ್ ಬೈಕ್ ಹತ್ತಿದಳು. ಮರಳಲ್ಲಿ ಸೈಕಲ್ ತುಳಿಯಲು ಕಲಿಸುವ ಹುಲಿಗೆಮ್ಮ ತನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಮಚ್ಚು ಸಿಕ್ಕಿಸಿಕೊಂಡಳು.

"ಮೂರನೇ ತಿರುವಿನಾಗ ನಾ ಬೇಕಂತಲೇ ಬೀಳ್ತೀನ್ರಿ ಟೀಚರ್. ಸತ್ತೆ ಅಂತ ಒದರ್ತೀನಿ. ನಿಲ್ಲಬ್ಯಾಡ್ರಿ. ಬಿದ್ದೋರನ್ನ ಎತ್ತಾಕ ಓಡೋದು ನಮ್ಮ ಮಂದಿ ಚಟ. ಅದನ್ನ ಬಿಡಿಸೋದೇ ಪರೀಕ್ಷೆ."

"ನಿಮಗ ಕಡಿಯಂಗಿಲ್ಲೇನು?"

"ಅಲ್ಲಿ ಮರಳಿಲ್ರಿ, ಹಾಸುಬಂಡಿ ಐತಿ."

ಮೊದಲ ಇಳಿಜಾರಿನಲ್ಲೇ ವಿಮಲಾಕ್ಷಿ ಹೆದರಿ ಕಾಲು ಊರಿದಳು. ಮರಿಯೊಂದು ಜಿಗಿದು ಹಿಮ್ಮಡಿಯ ಚರ್ಮ ಕಿತ್ತಿತು. ಹುಲಿಗೆಮ್ಮ ಪೆಡಲ್ ನಿಲ್ಲಿಸದೆ ಪಕ್ಕದಲ್ಲಿ ಹಾಯುತ್ತ ಅದನ್ನು ಒಂದೇ ಏಟಿಗೆ ತುಂಡು ಮಾಡಿದಳು.

"ತುಳೀರಿ," ಎಂದು ಮತ್ತೆ ಹಿಂದೆ ಸರಿದಳು.

ವಿಮಲಾಕ್ಷಿ ರಕ್ತ ತೊಟ್ಟಿಕ್ಕುವ ಕಾಲಲ್ಲೇ ತುಳಿದಳು. ಒಂದು ತಿರುವು ದಾಟಿತು, ಇನ್ನೊಂದು ಬಂತು. ಆಗ ಹಿಂದೆ ಸೈಕಲ್ಲು ಬಿದ್ದ ಸದ್ದಾಯಿತು. ಮಚ್ಚಿನ ಏಟುಗಳು ಕೇಳಿದವು, ಆಮೇಲೆ ಮೂಳೆ ಮುರಿದ ಸದ್ದು.

"ಟೀಚರ್, ಕೈ ಹೋತು, ನಿಲ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎನಿಸಿತು ವಿಮಲಾಕ್ಷಿಗೆ. ಹಲ್ಲು ಕಚ್ಚಿ ಇನ್ನೂ ಜೋರಾಗಿ ತುಳಿದಳು. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಪಾಸಾದೆ ಎಂದು ಅವಳಿಗೆ ನಗು ಬಂತು.

ದಾರಿ ಮತ್ತೊಮ್ಮೆ ಬಲಕ್ಕೆ ಹೊರಳಿತು. ಎದುರಿಗೆ ಹಾಸುಬಂಡೆ ಹರಡಿಕೊಂಡಿತ್ತು. ಅದರ ಮೇಲೆ ಯಾರೋ ಸುಣ್ಣದಲ್ಲಿ ದೊಡ್ಡದಾಗಿ ಮೂರು ಎಂದು ಬರೆದಿದ್ದರು.