ಅಪ್ಪ ಸಿನಿಮಾ ನಿಲ್ಲಿಸುತ್ತಿದ್ದ ಜಾಗ

ರಬ್ಬರ್ ಬ್ಯಾಂಡ್ ಸುತ್ತಿದ ರಿಮೋಟ್ ಕಂಡರೆ ಇಂದಿಗೂ ಪೆಂದುರ್ತಿಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹತ್ತಿರದ ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸಕ್ಕಿದ್ದ ಅಪ್ಪ, ರಜೆ ಬಂದರೆ ನನಗೆ ಅದೇ ಕೌಬಾಯ್ ಸಿನಿಮಾ ಹಾಕುತ್ತಿದ್ದರು. "ಕ್ಯಾಮೆರಾ ಯಾರ ಕಣ್ಣಿನ ಹತ್ರ ಹೋಗುತ್ತೋ ಅವನು ಮೋಸ ಮಾಡಲ್ಲ ಕಣೇ," ಎನ್ನುತ್ತಿದ್ದರು. ನಾಯಕ ಗೆಳೆಯನನ್ನು ತಬ್ಬಿಕೊಂಡ ಕೂಡಲೇ ಆ ರಿಮೋಟ್ ಒತ್ತಿ ನಿಲ್ಲಿಸಿ, "ಅಷ್ಟೇ, ಮುಗೀತು," ಎನ್ನುತ್ತಿದ್ದರು.

ಅಂದು ಅಪ್ಪ ಊಟಕ್ಕೆ ಕೂತಿದ್ದರಿಂದ ಯಾರೂ ನಿಲ್ಲಿಸಲಿಲ್ಲ. ಕ್ಯಾಮೆರಾ ನಾಯಕನ ಕಣ್ಣಿನ ಹತ್ತಿರ ಹೋಯಿತು. ಅವನು ಹೊರಟು ನಿಂತ ಗೆಳೆಯನ ಬೆನ್ನಿಗೆ ಗುಂಡು ಹಾರಿಸಿದ.

ನಾನು ಅತ್ತಾಗ ಅಪ್ಪ ಎಂಜಲು ಕೈಯಲ್ಲೇ ಬಂದು ಕುಕ್ಕರಗಾಲಲ್ಲಿ ಕೂತರು. ಮುಖ ಹತ್ತಿರ ತಂದು, "ಇದೊಂದೇ ಪುಟ್ಟಿ, ಬೇರೇನೂ ಮುಚ್ಚಿಟ್ಟಿಲ್ಲ," ಎಂದರು.

ಅವರ ಕಣ್ಣು ತೀರಾ ಹತ್ತಿರವಿತ್ತು. ನಾನು ಹಿಂದೆ ಸರಿದು ಬೆನ್ನನ್ನು ಗೋಡೆಗೆ ಒತ್ತಿಕೊಂಡೆ.