ಲಿಸಿಯಾಟೆಯ ಅರ್ಧ ಗಂಟೆ

ಇನ್ನೂರ ಹನ್ನೆರಡನೆಯ ಹೆಜ್ಜೆಗೆ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಲಿಸಿಯಾಟೆ ನಿಂತ. ಡಾಕ್ಟರು ಹೇಳಿದ್ದೂ ಅದನ್ನೇ: ನೋವು ಬರುವ ತನಕ ನಡೆ, ಬಂದರೆ ನಿಲ್ಲು, ಇಳಿದ ಮೇಲೆ ಮತ್ತೆ ನಡೆ, ದಿನಕ್ಕೆ ಅರ್ಧ ಗಂಟೆ. ಕಾಲಿನ ರಕ್ತನಾಳಗಳ ಒಳಗೆಲ್ಲ ಕೊಬ್ಬು ಮೆತ್ತಿಕೊಂಡು ದಾರಿ ಕಿರಿದಾಗಿದೆ, ಕಾಲಲ್ಲಿ ಆದದ್ದು ಎದೆಯಲ್ಲೂ ಆಗಿರಬಹುದು, ನಡೆಯದೆ, ಡಬ್ಬಿ ಮಾಂಸ ಬಿಡದೆ ಹೀಗೇ ಇದ್ದರೆ ಕಾಲು ಉಳಿಯುವುದು ಕಷ್ಟ ಎಂದಿದ್ದರು. ಚರ್ಚಿನ ಮೇಳದಲ್ಲಿ ಮೂವತ್ತು ವರ್ಷ ನಿಂತು ಹಾಡಿದವನು ಲಿಸಿಯಾಟೆ. ಕೂತು ಹಾಡುವ ದಿನ ಬಂದರೆ ಹಾಡುವುದೇ ಬೇಡ ಎಂದುಕೊಂಡು ಆ ಮಂಗಳವಾರ ಸಂಜೆ ನಾಲ್ಕಕ್ಕೆ ಮನೆಯಿಂದ ಹೊರಟಿದ್ದ.

ಅವನು ನಿಂತದ್ದು ವಿಕಾ ಅಜ್ಜಿಯ ಗೇಟಿನ ಮುಂದೆ. ಹಾಪೈ ದ್ವೀಪದಲ್ಲಿ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ. ಗೇಟಿನೆದುರು ಸುಮ್ಮನೆ ನಿಂತವನು ಒಂದೋ ಸಾವಿನ ಸುದ್ದಿ ತಂದಿರುತ್ತಾನೆ, ಇಲ್ಲವೇ ಹಸಿದಿರುತ್ತಾನೆ. ಅಜ್ಜಿ ಹೆಣೆಯುತ್ತಿದ್ದ ಚಾಪೆ ಬಿಟ್ಟು ಎದ್ದು ಬಂದಳು.

"ಯಾರು ಹೋದ್ರಪ್ಪ?"

"ಯಾರೂ ಹೋಗಿಲ್ಲಜ್ಜಿ. ಕಾಲು ನೋವು, ಅದಕ್ಕೆ ನಿಂತೆ."

"ಸುಳ್ಳು ಯಾಕೆ ಹೇಳ್ತೀಯ? ಹಸಿವಾಗಿದೆ ಅಂದ್ರೆ ಮರ್ಯಾದೆ ಹೋಗುತ್ತಾ? ಬಾ ಒಳಗೆ."

ಕೆಸುವಿನೆಲೆಯಲ್ಲಿ ಡಬ್ಬಿ ಮಾಂಸ, ತೆಂಗಿನಹಾಲು ಸುತ್ತಿ ಬೇಯಿಸಿದ ಲೂ ಇನ್ನೂ ಹಬೆಯಾಡುತ್ತಿತ್ತು. ಬೇಡವೆಂದಾಗ ಅಜ್ಜಿ, ವಿಧವೆಯ ಮನೆಯ ಊಟ ಗಂಟಲಲ್ಲಿ ಇಳಿಯುವುದಿಲ್ಲವೇನೋ ಎಂದು ಕಣ್ಣೊರೆಸಿಕೊಂಡಳು. ಅವನು ಎರಡು ತಿಂದ.

ಮತ್ತೆ ಇನ್ನೂರು ಹೆಜ್ಜೆ. ಈ ಸಲ ಯಾವ ಗೇಟೂ ಇಲ್ಲದ ಕಡೆ ನಿಲ್ಲಬೇಕೆಂದು ಹಲ್ಲು ಕಚ್ಚಿ ಕುಂಟಿ ಒಂದು ದೀವಿಹಲಸಿನ ಮರ ಸೇರಿದ. ಮರ ಅವನ ಚಿಕ್ಕಪ್ಪನ ಮಗ ಫೋತುವಿನದು. ಅಲ್ಲಿ ಕುರಿಯ ಹೊಟ್ಟೆಭಾಗವನ್ನು ಹುರಿಯುತ್ತಿದ್ದರು. ಅದಾದ ಮೇಲೆ ಮೇಷ್ಟರ ಮನೆ, ಅದಾದ ಮೇಲೆ ದೋಣಿ ರಿಪೇರಿಯವನ ಮನೆ. ನಡುವೆ ಮೂರು ಪಿಕಪ್‌ಗಳು ನಿಂತು ಹತ್ತು ಅಂದವು. ಒಬ್ಬನಿಗೆ ಇವನು ಹತ್ತಲ್ಲ ಎಂದರೆ ಅರ್ಥವೇ ಆಗಲಿಲ್ಲ. ಯಾವ ಗಳಿಗೆಯಲ್ಲಿ ಮನಸ್ಸು ಬದಲಾಗುವುದೋ ಎಂದು ಇಂಜಿನ್ ಗುರುಗುಟ್ಟಿಸುತ್ತ ಪಕ್ಕದಲ್ಲೇ ಆಮೆಯ ಹಾಗೆ ಬಂದ. ಆರನೆಯ ಸಲ ನಿಲ್ಲುವ ಹೊತ್ತಿಗೆ ಲಿಸಿಯಾಟೆ ಮನೆಯಲ್ಲಿ ಎರಡು ದಿನ ತಿನ್ನುವಷ್ಟು ತಿಂದಿದ್ದ.

ಸುದ್ದಿ ಅವನಿಗಿಂತ ಜೋರಾಗಿ ನಡೆಯಿತು. ಹೆಂಡತಿ ಕಲೋ ಒಲೆ ಹಚ್ಚುವುದನ್ನೇ ಬಿಟ್ಟಿದ್ದಾಳೆ, ಪಾಪ, ಗಂಡ ಮನೆಮನೆ ತಿರುಗಿ ಉಣ್ಣುತ್ತಿದ್ದಾನೆ ಎಂದು ದೋಣಿ ಕಟ್ಟುವ ಜೆಟ್ಟಿಯ ತನಕ ಮುಟ್ಟಿತ್ತು. ಅವನು ಜೆಟ್ಟಿಗೆ ಬಂದಾಗ ಕಲೋ ಅಲ್ಲೇ ಕಾಯುತ್ತಿದ್ದಳು.

"ನಾನು ನಿಂಗೆ ಊಟ ಹಾಕಲ್ವಂತೆ. ಅಂಗಡೀಲಿ ನಾಲ್ಕು ಜನ ಕೇಳಿದ್ರು."

"ವಾಕಿಂಗ್ ಮಾಡ್ತಿದ್ದೆ ಕಣೇ."

"ಕಾಲಲ್ಲಾ, ಬಾಯಲ್ಲಾ?"

ಬೈಯುತ್ತಲೇ ಅವನ ಗಲ್ಲದ ಮೇಲಿನ ಜಿಡ್ಡನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದಳು. ಮನೆಗೆ ಹೋಗದೆ ನೇರ ಪಾದ್ರಿಯ ಬಳಿ ಹೋದಳು.

ಭಾನುವಾರ ಪಾದ್ರಿ ಪ್ರವಚನ ಮುಗಿಸಿ ಕನ್ನಡಕ ತೆಗೆದು, ಲಿಸಿಯಾಟೆ ದಾರಿಯಲ್ಲಿ ನಿಂತರೆ ಯಾರೂ ಕರೆಯಬಾರದು, ಏನೂ ಕೊಡಬಾರದು, ಅವನ ಕಾಲು ಈಗ ಊರಿನ ಕೈಯಲ್ಲಿದೆ ಎಂದು ಸಾರಿದರು. ಊರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿತು. ಊಟ ಕೊಡುವಂತಿಲ್ಲ, ಸರಿ. ಆದರೆ ಕಾಯಿಲೆಯವನನ್ನು ಒಂಟಿಯಾಗಿ ರಸ್ತೆಗೆ ಬಿಡುವುದು ಎಲ್ಲಿಯ ನ್ಯಾಯ?

ಸೋಮವಾರ ನಾಲ್ಕಕ್ಕೆ ಅವನು ಬಾಗಿಲು ತೆಗೆದಾಗ ಅಂಗಳದಲ್ಲಿ ಒಂಬತ್ತು ಜನ ನಿಂತಿದ್ದರು. ಪಾದ್ರಿ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಮರ್ಯಾದೆಯ ಉಡುಪಾದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಮದುವೆಗೆ ಹೊರಟವರಂತೆ ಬಂದಿದ್ದರು. ವಿಕಾ ಅಜ್ಜಿ, ಇವನು ನಿಂತಾಗ ಕೂರಲಿ ಎಂದು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತಿದ್ದಳು. ಕಲೋ ಕೂಡ ಸೇರಿಕೊಂಡಳು. ಒಟ್ಟು ಹನ್ನೊಂದು ಜನ ಹೊರಟರು.

ನೂರೈವತ್ತು ಹೆಜ್ಜೆ ಆಗಿರಬಹುದು. ಮುಂದಿದ್ದ ಪಾದ್ರಿ ತಟ್ಟನೆ ನಿಂತು, ಸಮುದ್ರ ಇವತ್ತು ಎಷ್ಟು ಶಾಂತವಾಗಿದೆ ಎಂದರು. ಲಿಸಿಯಾಟೆಗೆ ಇನ್ನೂ ನೋವು ಬಂದಿರಲಿಲ್ಲ. ಫೋತು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳತೊಡಗಿದ. ಚಪ್ಪಲಿಗೆ ಏನೂ ಆಗಿರಲಿಲ್ಲ, ಕೈ ಮೀನಖಂಡವನ್ನು ಒತ್ತುತ್ತಿತ್ತು. ಮೇಷ್ಟರು ಎದೆಯುಬ್ಬಿಸಿ ಗಾಳಿ ಕುಡಿಯುವವರಂತೆ ಬಾಯಿ ತೆರೆದರು. ಅಜ್ಜಿ ಕುರ್ಚಿ ಇಳಿಸಿ ತಾನೇ ಕೂತಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಲಿಸಿಯಾಟೆ ತಿರುಗಿ ನೋಡಿದ. ಕಲೋ ಬೇಲಿಯ ಕಂಬ ಹಿಡಿದು ನಿಂತಿದ್ದಳು.

"ನಿಂಗೆ ಯಾವಾಗಿಂದ?"

"ಈಸ್ಟರ್‌ನಿಂದ," ಎಂದಳು ಮೆಲ್ಲಗೆ, ಕಣ್ಣು ಸಮುದ್ರದ ಕಡೆಗಿಟ್ಟು.

"ಅಲ್ಲಾಡಬೇಡ. ಒಂದು ನಿಮಿಷ ನಿಂತ್ರೆ ಅದಾಗೇ ಇಳಿಯುತ್ತೆ," ಎಂದ ಲಿಸಿಯಾಟೆ.

ಮಾತು ಅವಳಿಗೆ ಹೇಳಿದ್ದು, ಎಲ್ಲರೂ ಪಾಲಿಸಿದರು. ಸಮುದ್ರದಲ್ಲಿ ಒಂದು ದೋಣಿಯೂ ಇರಲಿಲ್ಲ. ಹನ್ನೊಂದು ಜನ ಅದನ್ನೇ ನೋಡುತ್ತ ನಿಂತಿದ್ದರು.