ಪರದೆಯ ಮೇಲಿನ ಹೆಸರು

"ಡಿಕ್ಕಿ ತಪ್ಪಿಸೋದರಲ್ಲಿ ಈ ಎರಡು ಯಂತ್ರಾನೂ ಒಂದೇ ಸಾರ್," ಎಂದ ಅಂಗಡಿಯವನು. "ಇದು ಪಕ್ಕದಲ್ಲಿ ಇನ್ನೊಂದು ಗ್ಲೈಡರ್ ಬಂದರೆ ಕೂಗತ್ತೆ, ಅಷ್ಟೆ. ಅದು ನಿಮ್ಮ ಹೆಸರನ್ನೂ ಎಲ್ಲರ ಪರದೆ ಮೇಲೆ ತೋರಿಸತ್ತೆ. ಹಿಂದೆ ಬರೋರಿಗೆ ಗುರುತು ಸಿಗತ್ತೆ ಅಂತ ಸ್ಪರ್ಧೆಗೆ ಹಾರೋರು ಅದನ್ನ ಮುಟ್ಟಲ್ಲ."

"ಹೆಸರು ತೋರಿಸೋದೇ ಕೊಡಿ," ಎಂದ ಶಾನಭಾಗ.

ಎಂಜಿನ್ನಿಲ್ಲದ ಗ್ಲೈಡರಿಗೆ ಮೇಲೇಳುವ ಬಿಸಿಗಾಳಿಯೇ ಪೆಟ್ರೋಲು. ಮೂರು ವರ್ಷದಿಂದ ಅದನ್ನು ಹುಡುಕುವ ಕಷ್ಟ ಶಾನಭಾಗನದು. ಅವನ ಬಾಲ ಹಿಡಿದು ಬಂದು, ಕೊನೆಯಲ್ಲಿ ಮುಂದೆ ನುಗ್ಗಿ ಟ್ರೋಫಿ ಎತ್ತುವ ಸುಖ ಮುತ್ತಣ್ಣನದು.

ಸ್ಪರ್ಧೆಯ ಬೆಳಿಗ್ಗೆ ಶಾನಭಾಗ ಹೊಸ ಯಂತ್ರವನ್ನು, ತನ್ನ ಹೆಸರಿನ ಸಮೇತ, ಆ ವರ್ಷವಷ್ಟೇ ಹಾರಲು ಕಲಿತಿದ್ದ ನಳಿನಾಕ್ಷಿಯ ಗ್ಲೈಡರಿಗೆ ಜೋಡಿಸಿ, ಹೆಸರು ತೋರಿಸದ ಅವಳ ಹಳೆಯದನ್ನು ತಾನಿಟ್ಟುಕೊಂಡ.

"ಅಯ್ಯೋ, ಹೊಸದು ನನಗ್ಯಾಕೆ ಸಾರ್?"

"ನೀನು ಹೊಸಬಳು ತಾಯಿ. ನಿನ್ನ ಜೀವ ಮುಖ್ಯ."

ಮುತ್ತಣ್ಣ ದೂರದಿಂದಲೇ ಕೂಗಿದ. "ಏನೋ, ಹೆಸರು ಹಾಕ್ಕೊಂಡೇ ಹೊರಟಿದ್ದೀಯಂತೆ! ನನಗೆ ಕನ್ನಡಕ ಒರೆಸೋ ಕೆಲಸಾನೂ ತಪ್ಪಿತು."

"ಬಾರೋ ಮಾರಾಯ. ಇವತ್ತು ಎಲ್ಲಿಗೆ ಮುಟ್ತೀಯೋ ನೋಡೋಣ."

ಗ್ಲೈಡರುಗಳೆಲ್ಲ ಬಿಳಿಯೇ, ಒಂದು ಮೈಲಿ ಹಿಂದಿದ್ದವನಿಗೆ ಪರದೆಯ ಹೆಸರೇ ಗುರುತು. ಮುತ್ತಣ್ಣ ಆ ಹುಡುಗಿಯ ಬೆನ್ನು ಹತ್ತಿ ಯಾವುದೋ ಕಬ್ಬಿನ ಗದ್ದೆಯಲ್ಲಿ ಬೀಳುವುದನ್ನು ನೆನೆದು ಶಾನಭಾಗ ಆಕಾಶದಲ್ಲಿ ಒಬ್ಬನೇ ನಕ್ಕ. ನಗುತ್ತಲೇ ಎರಡು ಬಿಸಿಗಾಳಿಗಳನ್ನು ಕಳೆದುಕೊಂಡ. ಮೂರು ಗಂಟೆಗೆ ತಾನೇ ಒಂದು ಹುರುಳಿ ಹೊಲದಲ್ಲಿ ಇಳಿದು, ಕುತೂಹಲದಿಂದ ಬಂದ ಎಮ್ಮೆಗಳನ್ನು ಓಡಿಸುತ್ತಿದ್ದಾಗ ರೇಡಿಯೊದಲ್ಲಿ ಮುತ್ತಣ್ಣನ ದನಿ ಬಂತು.

"ನನಗಿಂತ ಮೊದಲೇ ಗೆಲುವಿನ ಗೆರೆ ದಾಟೇ ಬಿಟ್ಟೆಯಲ್ಲೋ ಶಾನಭಾಗ! ಏನು ಮಾಡಿದರೂ ಹಿಂದೆ ಹಾಕೋಕಾಗಲಿಲ್ಲ. ಒಪ್ಕೊಂಡೆ ಕಣೋ, ನೀನು ಜನ್ಮದಲ್ಲೇ ಇಷ್ಟು ಚೆನ್ನಾಗಿ ಹಾರಿರಲಿಲ್ಲ."